ಭರತದ ಲೆಕ್ಕ ಮತ್ತು ಸೈಕಲ್ಲಿನ ಚೈನು: ಅಘನಾಶಿನಿ ಅಳಿವೆಯಲ್ಲಿ ಎರಡು ದಿನ

ಶಿರಸಿಯಲ್ಲಿ ಸೈಕಲ್ ಇಟ್ಟುಕೊಂಡವರಿಗೆ ಅದನ್ನು ಹತ್ತಿ ಹೋಗುವುದಕ್ಕಿಂತ ದೂಡಿಕೊಂಡು ಹೋಗುವ ಅಭ್ಯಾಸವೇ ಹೆಚ್ಚು. ಮನೆಯಿಂದ ಹೊರಬಿದ್ದರೆ ಒಂದು ಏರು, ಅದು ಮುಗಿದರೆ ಒಂದು ಇಳಿಜಾರು, ಇಳಿದಷ್ಟೇ ಏರು ಮುಂದೆ ಕಾದಿರುತ್ತದೆ. ಹೀಗಾಗಿ ಕುಮಟಾದಲ್ಲಿ ಒಬ್ಬರು ಸೈಕಲ್ ಬಾಡಿಗೆಗೆ ಕೊಟ್ಟು, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಗಜನಿ ಎಂಬ ಉಪ್ಪುನೀರಿನ ಗದ್ದೆಗಳ ಒಡ್ಡುಗಳ ಮೇಲೆ ಎರಡು ದಿನ ನಿಧಾನವಾಗಿ ಸುತ್ತಿಸುತ್ತಾರೆ ಎಂದು ಕೇಳಿದಾಗ ನನಗಿಂತ ಮೊದಲು ನನ್ನ ಹೆಂಡತಿಯೇ ಹೊರಟು ನಿಂತಳು. ನಾವಿಬ್ಬರೂ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವಳು ಸೈಕಲ್ ಮುಟ್ಟಿ ಇಪ್ಪತ್ತು ವರ್ಷವಾಗಿತ್ತು. ನನ್ನ ಮೊಣಕಾಲು ಮೊದಲಿನಂತಿಲ್ಲ. ನಮ್ಮಂಥವರಿಗೆ ಈ ಸೇವೆ ಎಷ್ಟರಮಟ್ಟಿಗೆ ಒಗ್ಗುತ್ತದೆ ಎಂಬುದನ್ನು ಮುಂದೆ ಹೋಗುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಕೆಲವು ದೂರುಗಳೂ ಇರುವುದರಿಂದ ಮತ್ತು ನಡೆಸುವವರು ಒಬ್ಬರೇ ದುಡಿಯುವ ಸಣ್ಣ ಮನುಷ್ಯರಾದ್ದರಿಂದ ಹೆಸರು ಹಾಕುವುದಿಲ್ಲ.

ದರ ತಲೆಗೆ 2,600 ರೂಪಾಯಿ. ಅದರಲ್ಲಿ ಎರಡು ದಿನದ ಸೈಕಲ್, ಮೊದಲ ದಿನ ಒಂದು ಮನೆಯಲ್ಲಿ ಮಧ್ಯಾಹ್ನದ ಊಟ, ಗೋಕರ್ಣದ ಹತ್ತಿರ ರಾತ್ರಿಯ ವಸತಿ, ಮರುದಿನದ ತಿಂಡಿ, ನಮ್ಮ ಬ್ಯಾಗುಗಳನ್ನು ರಿಕ್ಷಾದಲ್ಲಿ ಮುಂದಿನ ಊರಿಗೆ ಮುಟ್ಟಿಸುವುದು ಇವೆಲ್ಲ ಸೇರಿವೆ. ಮಾರ್ಗದರ್ಶಿ ಜೊತೆಗೆ ಬರುವುದಿಲ್ಲ. ಕೈಯಲ್ಲಿ ಬರೆದ ನಕ್ಷೆಯ ಝೆರಾಕ್ಸ್ ಪ್ರತಿಯೊಂದನ್ನು ಕೊಡುತ್ತಾರೆ. ಅದರಲ್ಲಿ ಅಂಗಡಿ, ದೇವಸ್ಥಾನ, ದೊಡ್ಡ ಮಾವಿನಮರ, ನೀರು ಸಿಗುವ ಮನೆ ಎಲ್ಲವನ್ನೂ ಗುರುತು ಹಾಕಿದ್ದಾರೆ. ಮೊಬೈಲಿನ ನಕ್ಷೆಯಲ್ಲಿ ಈ ಒಡ್ಡುಗಳ ದಾರಿಗಳು ಅರ್ಧಕ್ಕರ್ಧ ಕಾಣುವುದೇ ಇಲ್ಲ. ಹಾಗಾಗಿ ಆ ಒಂದು ಹಾಳೆಯೇ ಈ ಸೇವೆಯ ಅರ್ಧ ಬೆಲೆ ಬಾಳುತ್ತದೆ ಎಂದು ನಾನು ಹೇಳಬಲ್ಲೆ.

ಇನ್ನರ್ಧ ಬೆಲೆ ಅವರ ಭರತದ ಲೆಕ್ಕಕ್ಕೆ ಸಲ್ಲಬೇಕು. ಕರಾವಳಿಯವರು ಉಬ್ಬರವನ್ನು ಭರತ ಎನ್ನುತ್ತಾರೆ. ದಿನಕ್ಕೆ ಎರಡು ಸಲ ಸಮುದ್ರದ ನೀರು ಹೊಳೆಯೊಳಗೆ ಏರಿ ಬರುತ್ತದೆ, ಎರಡು ಸಲ ಇಳಿಯುತ್ತದೆ, ಮತ್ತು ಪ್ರತಿ ದಿನ ಈ ಹೊತ್ತು ಸುಮಾರು 50 ನಿಮಿಷ ತಡವಾಗುತ್ತದೆ. ನಾನು ದಿನಾಂಕ ಕೇಳಲು ಫೋನ್ ಮಾಡಿದಾಗ ಅವರು ಕ್ಯಾಲೆಂಡರಿನ ತಾರೀಖು ನೋಡಲಿಲ್ಲ, ತಿಥಿ ನೋಡಿದರು. "ಹುಣ್ಣಿಮೆ ದಿನ ಬೇಡ ಮಾಸ್ತರ್ರೇ, ಮಧ್ಯಾಹ್ನದ ಹೊತ್ತಿಗೇ ಭರತ ಬಂದು ಬಿಡ್ತದೆ, ನೀವು ನೀರೇ ನೋಡ್ಕಂಡು ಬರಬೇಕು. ಪಂಚಮಿಗೆ ಬನ್ನಿ, ಬೆಳಿಗ್ಗೆ ಒಂಬತ್ತಕ್ಕೆ ಇಳಿತ ಸಿಗ್ತದೆ" ಎಂದರು. ಪ್ರವಾಸ ಏರ್ಪಡಿಸುವವರು ಶನಿವಾರ, ಭಾನುವಾರ ಎಂದು ಲೆಕ್ಕ ಹಾಕುವುದನ್ನು ಕೇಳಿ ಅಭ್ಯಾಸವಾದ ನನಗೆ ಈ ಪಂಚಾಂಗದ ಲೆಕ್ಕ ಹೊಸದಾಗಿತ್ತು. ಅದು ಎಷ್ಟು ಸರಿಯಾದದ್ದು ಎಂಬುದು ಅಳಿವೆಯ ದಂಡೆಗೆ ಹೋಗಿ ನಿಂತಾಗ ತಿಳಿಯಿತು.

ಹೀಗೆ ಡಿಸೆಂಬರಿನ ಒಂದು ಪಂಚಮಿಯ ಮುನ್ನಾದಿನ ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ಉಳಿದೆವು. ಬೆಳಿಗ್ಗೆ ಆರೂವರೆಗೆ ಸೈಕಲ್ ನಮ್ಮ ಮುಂದೆ ಬಂದು ನಿಂತವು. ನನ್ನ ಮೊದಲ ಆಕ್ಷೇಪ ಇಲ್ಲಿಂದಲೇ ಶುರುವಾಗುತ್ತದೆ.

ಅವು ಎರಡೂ ಗುಡ್ಡ ಹತ್ತುವ ಜಾತಿಯ ಸೈಕಲ್ಲುಗಳು. ಮುಂದೆ ಸ್ಪ್ರಿಂಗಿನ ಫೋರ್ಕು, 21 ಗೇರು, ಕೈ ಚಾಚಿ ಬಾಗಿ ಹಿಡಿಯಬೇಕಾದ ನೇರ ಹ್ಯಾಂಡಲ್ಲು, ಕಲ್ಲಿನಂತೆ ಗಟ್ಟಿಯಾದ ಕಿರಿದಾದ ಸೀಟು. ಚಕ್ರಕ್ಕೆ ಮಡ್‌ಗಾರ್ಡ್ ಇಲ್ಲ, ಚೈನಿಗೆ ಕವರ್ ಇಲ್ಲ, ಹಿಂದೆ ಕ್ಯಾರಿಯರ್ ಕೂಡ ಇಲ್ಲ. ನೋಡಲು ಚೆಂದ, ಹರೆಯದವರು ಫೋಟೋ ತೆಗೆಸಿಕೊಳ್ಳಲು ಅದಕ್ಕಿಂತ ಚೆಂದ. ಆದರೆ ಎರಡು ದಿನದ ಇಡೀ ದಾರಿಯಲ್ಲಿ ಏರು ಎನ್ನಬಹುದಾದದ್ದು ಎರಡೋ ಮೂರೋ ಕಡೆ ಮಾತ್ರ ಇದೆ. ಉಳಿದದ್ದೆಲ್ಲ ಹೊಳೆ ತಂದು ಹರಡಿದ ಮಣ್ಣು, ಅಂಗೈಯಷ್ಟು ಸಮ. ಅಲ್ಲಿ 21 ಗೇರಿನಲ್ಲಿ ಮೂರು ಸಾಕು, ಒಂದೇ ಇದ್ದರೂ ನಡೆಯುತ್ತದೆ. ಸ್ಪ್ರಿಂಗು ಇರುವ ಫೋರ್ಕು ತುಳಿದ ಬಲವನ್ನು ಸ್ವಲ್ಪ ಸ್ವಲ್ಪವಾಗಿ ನುಂಗುತ್ತದೆಯೇ ಹೊರತು ಸಮ ನೆಲದಲ್ಲಿ ಬೇರೇನೂ ಉಪಕಾರ ಮಾಡುವುದಿಲ್ಲ. ಇಂಥ ದಾರಿಗೆ ಬೇಕಾದದ್ದು ಬೆನ್ನು ನೆಟ್ಟಗಿಟ್ಟು ಕುಳಿತುಕೊಳ್ಳುವ, ಅಗಲ ಸೀಟಿನ, ಸ್ವಲ್ಪ ದಪ್ಪ ಟಯರಿನ ಸಾದಾ ಸೈಕಲ್.

ಚೈನಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಳಿವೆಯ ಗಾಳಿಯಲ್ಲೇ ಉಪ್ಪಿದೆ, ಒಡ್ಡಿನ ಮೇಲಿನ ಮಣ್ಣಿನಲ್ಲೂ ಉಪ್ಪಿದೆ. ನಮಗೆ ಕೊಟ್ಟ ಒಂದು ಸೈಕಲ್ಲಿನ ಚೈನು ಕೊಂಡಿಕೊಂಡಿಗೂ ಕಾವಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಮರೆಮಾಚಲು ಆ ದಿನ ಬೆಳಿಗ್ಗೆ ಧಾರಾಳವಾಗಿ ಎಣ್ಣೆ ಸುರಿದಿದ್ದರು. ಎಣ್ಣೆ ಮರಳನ್ನು ಹಿಡಿಯಿತು, ಮರಳು ಹಲ್ಲುಚಕ್ರದಲ್ಲಿ ಕರಕರ ಎಂದಿತು, ಮಾಣಿಕಟ್ಟಾ ಮುಟ್ಟುವಷ್ಟರಲ್ಲಿ ನನ್ನ ಹೆಂಡತಿಯ ಚೂಡಿದಾರದ ಬಲಗಾಲಿನ ಅಂಚು ಕಪ್ಪಾಗಿ ಎರಡು ಕಡೆ ಹರಿದಿತ್ತು. "ಅಪ್ಪನ ಅಟ್ಲಾಸ್ ಸೈಕಲ್ಲಿಗೆ ಚೈನು ಪೂರ್ತಿ ಮುಚ್ಚುವ ಕವರ್ ಇತ್ತು. ಅದರಲ್ಲಿ ಸೀರೆ ಉಟ್ಟ ಚಿಕ್ಕಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು" ಎಂದು ಅವಳು ಒಡ್ಡಿನ ಮೇಲೆ ಕೂತು ಪ್ಯಾಂಟು ಮಡಚುತ್ತ ಹೇಳಿದಳು. ಅವಳ ಮಾತಿನಲ್ಲಿ ಹಳೆಯ ಕಾಲದ ಮೋಹಕ್ಕಿಂತ ಲೆಕ್ಕಾಚಾರವೇ ಹೆಚ್ಚಿತ್ತು. ಕರಾವಳಿಯಲ್ಲಿ ಮೀನು ಮಾರುವವರು, ಅಂಚೆಯವರು ದಶಕಗಟ್ಟಲೆ ಓಡಿಸಿದ ಆ ಕಪ್ಪು ಸೈಕಲ್ಲುಗಳ ಚೈನು ಮುಚ್ಚಿಕೊಂಡೇ ಇರುತ್ತಿತ್ತು. ಉಪ್ಪು ಗಾಳಿಗೆ ಅದಕ್ಕಿಂತ ಅಗ್ಗದ ಮದ್ದು ಇನ್ನೂ ಬಂದಂತಿಲ್ಲ.

ಸೈಕಲ್ಲನ್ನು ಇಷ್ಟು ಬೈದ ಮೇಲೆ ದಾರಿಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ನನಗೆ ದೂರಲು ಹೆಚ್ಚೇನೂ ಸಿಗುವುದಿಲ್ಲ.

ಕುಮಟಾ ಪೇಟೆಯ ಗದ್ದಲ ದಾಟಿ ಹೆಗಡೆ ಊರಿನ ಕಡೆ ಹೊರಳಿದರೆ ತೆಂಗಿನ ತೋಟ, ಗದ್ದೆ, ಮತ್ತೆ ತೆಂಗಿನ ತೋಟ. ಅದಾದ ಮೇಲೆ ನೆಲ ಒಮ್ಮೆಲೇ ತೆರೆದುಕೊಳ್ಳುತ್ತದೆ. ಮಾಣಿಕಟ್ಟಾದ ಗಜನಿ ಎಂದರೆ ಕಣ್ಣು ಹಾಯುವವರೆಗೆ ಸಮತಟ್ಟಾದ ಉಪ್ಪುನೀರಿನ ಗದ್ದೆಬಯಲು. ಇಲ್ಲಿ ಬೆಳೆಯುವುದು ಕಗ್ಗ ಎಂಬ ಭತ್ತ. ಉಪ್ಪನ್ನೂ ತಡೆಯುತ್ತದೆ, ನೆರೆ ಬಂದು ಕೆಲವು ದಿನ ನೀರಿನಲ್ಲಿ ಮುಳುಗಿದರೂ ತಡೆಯುತ್ತದೆ. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬಂದ ಬೀಜವನ್ನು ಬಿತ್ತುತ್ತಾರೆ. ಗೊಬ್ಬರ ಹಾಕುವ ರೂಢಿ ಇಲ್ಲ. ಕೊಯ್ಲು ಮುಗಿದ ನಂತರ ಒಡ್ಡಿನ ಹಲಗೆಬಾಗಿಲು ತೆರೆದು ಹೊಳೆಯ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡರೆ ಅದೇ ಗದ್ದೆ ಸಿಗಡಿ ಮತ್ತು ಮೀನಿನ ಕೆರೆಯಾಗುತ್ತದೆ. ನಾವು ಹೋದಾಗ ಕೊಯ್ಲು ಮುಗಿದಿತ್ತು. ಕೊಯ್ದ ಕೂಳೆಯ ಸಾಲುಗಳ ನಡುವೆ ಮೊಣಕಾಲು ಮಟ್ಟದ ನೀರು ನಿಂತಿತ್ತು. ಪ್ರತಿ ಕೂಳೆಗೂ ಒಂದು ಬೆಳ್ಳಕ್ಕಿ ಎಂಬಂತೆ ಹಕ್ಕಿಗಳು ಕುಳಿತಿದ್ದವು.

ಒಡ್ಡಿನ ಮೇಲಿನ ದಾರಿ ಒಂದು ಸೈಕಲ್ ಆರಾಮವಾಗಿ ಹೋಗುವಷ್ಟು ಅಗಲ. ಒಂದು ಬದಿಗೆ ಗಜನಿ, ಇನ್ನೊಂದು ಬದಿಗೆ ಹೊಳೆ, ಹೊಳೆಯ ಅಂಚಿಗೆ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳು. ಮೊದಮೊದಲು ನಾವು ಟಯರಿನಲ್ಲಿ ಗಾಳಿ ಗಟ್ಟಿಯಾಗಿಯೇ ಇಟ್ಟು ಓಡಿಸಿದೆವು. ಮರಳು ಬಂದಲ್ಲೆಲ್ಲ ಮುಂದಿನ ಚಕ್ರ ಹೂತು ಅಡ್ಡಾದಿಡ್ಡಿ ಓಡತೊಡಗಿತು. ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗುವಷ್ಟು ಗಾಳಿ ಬಿಟ್ಟ ಮೇಲೆ ಸೈಕಲ್ ಮಾತು ಕೇಳಿತು. ಇದನ್ನು ಸೇವೆಯವರೇ ಹೊರಡುವ ಮುನ್ನ ಹೇಳಬೇಕಿತ್ತು. ಹೇಳಿದ್ದರೂ ಪ್ರಯೋಜನವಿರಲಿಲ್ಲವೇನೋ, ಏಕೆಂದರೆ ಮತ್ತೆ ಟಾರು ರಸ್ತೆ ಸಿಕ್ಕಾಗ ಗಾಳಿ ತುಂಬಲು ಅವರು ಪಂಪು ಕೊಟ್ಟಿರಲಿಲ್ಲ. ಕಾಗಾಲಿನ ಹತ್ತಿರ ಶಾಲೆಗೆ ಹೊರಟಿದ್ದ ಹುಡುಗನೊಬ್ಬ ತನ್ನ ಮನೆಯಿಂದ ಪಂಪು ತಂದುಕೊಟ್ಟ.

ನಿಧಾನವಾಗಿ ಹೋದರೆ ಮಾತ್ರ ಕಾಣುವ ಸಂಗತಿಗಳು ಈ ದಾರಿಯಲ್ಲಿ ಹಲವಿವೆ. ಉಪ್ಪಟ್ಟಿ ಮರದ ಕೆಳಗಿನ ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ಉಸಿರಾಡುವ ಬೇರುಗಳು ಮೇಲೆದ್ದು ನಿಂತಿರುವುದು, ಇನ್ನೊಂದು ಬಗೆಯ ಕಾಂಡ್ಲಾ ತನ್ನ ಕಾಂಡದಿಂದ ಊರುಗೋಲುಗಳನ್ನು ಇಳಿಬಿಟ್ಟಿರುವುದು, ಅದರ ಬೀಜ ತಾಯಿಮರದಲ್ಲಿ ಇರುವಾಗಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುವುದು, ಇವೆಲ್ಲ ಬೈಕಿನಲ್ಲಿ ಹೋದವರಿಗೆ ಬರಿ ಹಸಿರು ಗೋಡೆಯಾಗಿ ಹಿಂದೆ ಸರಿಯುತ್ತವೆ. ಹೊನ್ನಾವರದಲ್ಲೂ ಕಾರವಾರದಲ್ಲೂ ಕಾಂಡ್ಲಾ ಕಾಡಿನೊಳಗೆ ಹಲಗೆ ಹಾಸಿ ನಡೆಯುವ ದಾರಿ ಮಾಡಿದ್ದಾರೆ, ನಾವು ಎರಡನ್ನೂ ನೋಡಿದ್ದೇವೆ. ಆದರೆ ಅಲ್ಲಿ ಹತ್ತು ನಿಮಿಷದಲ್ಲಿ ಕಾಡು ಮುಗಿದು ಟಿಕೇಟಿನ ಕೌಂಟರ್ ಬರುತ್ತದೆ. ಇಲ್ಲಿ ಕಾಡು, ಗದ್ದೆ, ಮನೆ, ಮತ್ತೆ ಕಾಡು ಎಂದು ಜನರ ಬದುಕಿನೊಳಗಿಂದಲೇ ದಾರಿ ಹೋಗುತ್ತದೆ.

ಒಂಬತ್ತು ಗಂಟೆಯ ಸುಮಾರಿಗೆ ಅಳಿವೆಯ ತೆರೆದ ಬದಿಗೆ ಬಂದಾಗ ಪಂಚಮಿಯ ಲೆಕ್ಕದ ಫಲ ಕಣ್ಣೆದುರಿಗಿತ್ತು. ಹೊಳೆಯ ಅರ್ಧದಷ್ಟು ನೀರು ಹಿಂದೆ ಸರಿದು ಕಂದು ಬಣ್ಣದ ಕೆಸರುದಿಬ್ಬಗಳು ಎದ್ದಿದ್ದವು. ಆ ದಿಬ್ಬಗಳ ಮೇಲೆ ಹೆಂಗಸರು, ಗಂಡಸರು ಸೊಂಟ ಬಗ್ಗಿಸಿ ಬೆಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದರು. ದಂಡೆಯ ಹತ್ತಿರವೇ ಇದ್ದ ಅಜ್ಜಿಯೊಬ್ಬರು ಪಾದದಿಂದ ಕೆಸರನ್ನು ಮೆಲ್ಲಗೆ ತಡಕಿ, ಗಟ್ಟಿ ತಾಗಿದಲ್ಲಿ ಬಾಗಿ ಕೈ ಹಾಕಿ ಚಿಪ್ಪು ತೆಗೆದು ನೀರಲ್ಲಿ ಅಲುಬಿ ಬುಟ್ಟಿಗೆ ಹಾಕುತ್ತಿದ್ದರು. ಸಣ್ಣದು ಸಿಕ್ಕರೆ ಹಿಂದಕ್ಕೆ ಎಸೆಯುತ್ತಿದ್ದರು. ನನ್ನ ಹೆಂಡತಿ ಎಷ್ಟು ಹೊತ್ತು ಆರಿಸುತ್ತೀರಿ ಎಂದು ಕೇಳಿದ್ದಕ್ಕೆ, "ನೀರು ಎಲ್ಲಿವರಿಗೆ ಬಿಡ್ತದೋ ಅಲ್ಲಿವರಿಗೆ ಅಕ್ಕೋರೇ" ಎಂದರು. ಅವಳು ಟೀಚರು ಎಂದು ಅವರಿಗೆ ಹೇಗೆ ತಿಳಿಯಿತೋ, ಪ್ರಶ್ನೆ ಕೇಳಿದ ಧಾಟಿಯಿಂದಲೇ ಇರಬೇಕು.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತದೆ ಎಂದು ನಾವು ಮಕ್ಕಳಿಗೆ ಪಾಠ ಹೇಳಿಕೊಟ್ಟ ಹೊಳೆ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿದ ಹೊಳೆ, ಎಲ್ಲೂ ಅಣೆಕಟ್ಟಿಗೆ ಸಿಗದೆ ಇಲ್ಲಿಗೆ ಬಂದು ಸಮುದ್ರ ಸೇರುತ್ತದೆ. ಅಣೆಕಟ್ಟು ಇಲ್ಲದ್ದರಿಂದಲೇ ಘಟ್ಟದ ಸಿಹಿನೀರು ಮತ್ತು ಹೂಳು ತನ್ನ ಕ್ರಮದಲ್ಲಿ ಅಳಿವೆಗೆ ಬರುತ್ತದೆ, ಬೆಳಚಿಗೂ ಕಗ್ಗಕ್ಕೂ ಅದೇ ಆಧಾರ. 2024ರ ಜನವರಿಯಲ್ಲಿ 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಯನ್ನು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಕರ್ನಾಟಕದವೇ ಆದ ಮಾಗಡಿ ಕೆರೆ ಮತ್ತು ಅಂಕಸಮುದ್ರ ಅದರ ಜೊತೆಗೇ ಸೇರಿದವು. ಇದೇ ಅಳಿವೆಯ ಆಚೆ ದಡದ ತದಡಿಯಲ್ಲಿ ಹಿಂದೊಮ್ಮೆ 4,000 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾಪವಿತ್ತು, ಜನರ ವಿರೋಧದಿಂದ ಅದು ನಿಂತಿತು. ಸೇವೆಯವರ ಹಾಳೆಯಲ್ಲಿ ಇದಾವುದರ ಉಲ್ಲೇಖವೂ ಇಲ್ಲ. ನಾಲ್ಕು ಸಾಲು ಸೇರಿಸಿದರೆ ನಕ್ಷೆಗೆ ಭಾರವೇನೂ ಆಗದು.

ಮಧ್ಯಾಹ್ನದ ಊಟ ಅಘನಾಶಿನಿ ಊರಿನ ಒಂದು ಮನೆಯಲ್ಲಿ. ಕಗ್ಗದ ಕೆಂಪಕ್ಕಿಯ ಅನ್ನ, ಬೆಳಚಿನ ಸುಕ್ಕ, ಅಪ್ಪೆಮಿಡಿ ಉಪ್ಪಿನಕಾಯಿ, ತೆಳ್ಳನೆಯ ಮಜ್ಜಿಗೆ. ಮೀನು ತಿನ್ನದವರು ಮೊದಲೇ ಹೇಳಿದರೆ ಬಸಳೆ ಹುಳಿ ಮಾಡುತ್ತಾರಂತೆ. ಅನ್ನದ ಅಗುಳು ದಪ್ಪ, ಎರಡನೆಯ ಸಲ ಬಡಿಸಿಕೊಳ್ಳುವುದು ಕಷ್ಟ. ನಾನು ಬಡಿಸಿಕೊಂಡೆ, ಆಮೇಲೆ ಒಂದು ಗಂಟೆ ಜಗುಲಿಯ ಮೇಲೆ ಮಲಗಿದೆ. ಮನೆಯವರು ಚಾಪೆ ಕೊಟ್ಟದ್ದು ಲೆಕ್ಕದಲ್ಲಿ ಇಲ್ಲದ್ದು. ಈ ಊಟಕ್ಕೆ ನನ್ನಲ್ಲಿ ಅಂಕ ಕಡಿಮೆ ಮಾಡಲು ಕಾರಣವಿಲ್ಲ.

ಅಲ್ಲಿಂದ ತಾರಿಯಲ್ಲಿ, ಅಂದರೆ ಹೊಳೆ ದಾಟಿಸುವ ದೋಣಿಯಲ್ಲಿ, ಸೈಕಲ್ ಹಾಕಿಕೊಂಡು ತದಡಿಗೆ ದಾಟಿ, ಸಂಜೆಯ ಬಿಸಿಲಿನಲ್ಲಿ ಸಾಣಿಕಟ್ಟಾದ ಉಪ್ಪಿನ ಗದ್ದೆಗಳಿಗೆ ಬಂದೆವು. ಉಪ್ಪು ತೆಗೆಯುವುದು ಬೇಸಿಗೆಯಲ್ಲಿ. ಆಗಿನ್ನೂ ಒಡ್ಡು ಸರಿಪಡಿಸಿ ನೆಲ ಹದಮಾಡುವ ಕೆಲಸ ನಡೆದಿತ್ತು. ಚೌಕ ಚೌಕವಾದ ತೆಳುನೀರಿನಲ್ಲಿ ಮೆಟ್ಟುಗಾಲು ಹಕ್ಕಿಗಳು ತಮ್ಮ ನೆರಳನ್ನೇ ಮೆಟ್ಟುತ್ತ ಓಡಾಡುತ್ತಿದ್ದವು, ಟಿಟ್ಟಿಭಗಳು ನಮ್ಮನ್ನು ಕಂಡು ಊರಿಗೆಲ್ಲ ಕೇಳುವಂತೆ ಕೂಗಿದವು. ದುರ್ಬೀನು ಇರುವವರು ಮರೆಯದೆ ತರಬೇಕು. ಗೋಕರ್ಣದ ಹತ್ತಿರದ ವಸತಿ ಸ್ವಚ್ಛವಾಗಿತ್ತು, ಬಿಸಿನೀರಿತ್ತು, ಸೊಳ್ಳೆಪರದೆ ಇತ್ತು, ಇಷ್ಟು ಸಾಕು.

ಎರಡನೆಯ ದಿನ ಕೆಟ್ಟದ್ದು ಸೇವೆಯವರ ಕೈಯಿಂದಲೇ. ಹಿಂದಿನ ಸಂಜೆ ನನ್ನ ಹಿಂಚಕ್ರದ ಗಾಳಿ ನಿಧಾನವಾಗಿ ಇಳಿಯುತ್ತಿದ್ದುದನ್ನು ನೋಡಿ ಫೋನ್ ಮಾಡಿ ತಿಳಿಸಿದ್ದೆ. ಬೆಳಿಗ್ಗೆ ಏಳಕ್ಕೆ ಮನುಷ್ಯನನ್ನು ಕಳಿಸುತ್ತೇನೆ ಎಂದವರು ಕಳಿಸಿದ್ದು ಹನ್ನೊಂದಕ್ಕೆ. ಪಂಕ್ಚರ್ ಹಾಕಲು ಹತ್ತು ನಿಮಿಷ ಹಿಡಿಯಿತು. ಒಂದು ಪಂಪು, ಎರಡು ಟಯರ್ ಲಿವರ್, ಪ್ಯಾಚು, ಗೋಂದು ಇರುವ ಸಣ್ಣ ಚೀಲವನ್ನು ಸೀಟಿನ ಕೆಳಗೆ ಕಟ್ಟಿಕೊಟ್ಟಿದ್ದರೆ ನಾನೇ ಹಾಕಿಕೊಳ್ಳುತ್ತಿದ್ದೆ. ನಾಲ್ಕು ಗಂಟೆ ತಡವಾದದ್ದರ ಬೆಲೆ ಮಧ್ಯಾಹ್ನ ಗೊತ್ತಾಯಿತು. ಮಾದನಗೇರಿ ಕ್ರಾಸಿನಿಂದ ಹೆದ್ದಾರಿ ಹಿಡಿದು ಮಿರ್ಜಾನ ಕೋಟೆಗೆ ಬಂದು, ಚಿರೆಕಲ್ಲಿನ ಗೋಡೆಗಳ ಮೇಲೆ ಓಡಾಡಿ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸಿನ ವ್ಯಾಪಾರದ ಕತೆಯನ್ನು ಒಬ್ಬರಿಗೊಬ್ಬರು ಪಾಠ ಹೇಳಿಕೊಂಡು, ನಕ್ಷೆಯಲ್ಲಿ ಗುರುತು ಹಾಕಿದ್ದ ಹೊಳೆದಂಡೆಯ ಒಡ್ಡಿಗೆ ಇಳಿಯುವಾಗ ಮೂರು ಗಂಟೆ ದಾಟಿತ್ತು. ಅಷ್ಟರಲ್ಲಿ ಭರತ ಏರಿ ಒಡ್ಡಿನ ತಗ್ಗು ಭಾಗದ ಮೇಲೆ ನೀರು ಹರಿಯುತ್ತಿತ್ತು. ಸೈಕಲ್ ಇಳಿದು ದೂಡಿಕೊಂಡು ಇಪ್ಪತ್ತು ಹೆಜ್ಜೆ ಹೋದೆವು. ನೀರು ಮೀನಖಂಡ ಮುಟ್ಟಿತು, ಪೆಡಲು ಮುಳುಗಿತು. ಹಿಂದಕ್ಕೆ ಬಂದು ಕುಮಟಾದವರೆಗಿನ ಉಳಿದ ದಾರಿಯನ್ನು ಲಾರಿಗಳ ಪಕ್ಕದಲ್ಲಿ ಹೆದ್ದಾರಿ 66ರಲ್ಲೇ ಮುಗಿಸಿದೆವು. ದಿವಗಿ ಸೇತುವೆಯ ಮೇಲೆ ಹಿಂದಿನಿಂದ ಬಂದ ಟ್ಯಾಂಕರ್ ಹಾರ್ನ್ ಹಾಕಿದಾಗ ನನ್ನ ಹೆಂಡತಿ ಸೈಕಲ್ ಇಳಿದು ಕಟ್ಟೆಗೆ ಒರಗಿ ನಿಂತಳು. ಮುಂದೆ ಸೇತುವೆ ಮುಗಿಯುವವರೆಗೆ ಹತ್ತಲಿಲ್ಲ. ದಿನಾಂಕ ಕೊಡುವಾಗ ತಿಥಿ ನೋಡುವ ಮನುಷ್ಯ, ಪಂಕ್ಚರ್ ಹಾಕಲು ಆಳು ಕಳಿಸುವಾಗಲೂ ಅದೇ ತಿಥಿಯನ್ನು ನೋಡಬೇಕಿತ್ತು.

ಸೈಕಲ್ ಒಪ್ಪಿಸುವಾಗ ಇದನ್ನೆಲ್ಲ ಮುಖದ ಮೇಲೆಯೇ ಹೇಳಿದೆ. ಅವರು ವಾದ ಮಾಡಲಿಲ್ಲ, ಒಂದು ದಿನದ ಬಾಡಿಗೆಯಲ್ಲಿ 400 ರೂಪಾಯಿ ವಾಪಸು ಕೊಟ್ಟರು. ಗೇರಿನ ಸೈಕಲ್ಲನ್ನೇ ಯಾಕೆ ತಂದಿರಿ ಎಂದು ಕೇಳಿದ್ದಕ್ಕೆ, ಬೆಂಗಳೂರಿನಿಂದ ಬರುವವರು ಗೇರು ಇಲ್ಲದಿದ್ದರೆ ಹತ್ತುವುದಿಲ್ಲ ಎಂದರು. ಅದೂ ಒಂದು ಕಾರಣವೇ ಇರಬಹುದು. ಆದರೆ ಅಂಗಳದ ಮೂಲೆಯಲ್ಲಿ ಅವರದೇ ಓಡಾಟದ ಸೈಕಲ್ ನಿಂತಿತ್ತು, ಅದಕ್ಕೆ ಅಗಲ ಸೀಟು, ಮಡ್‌ಗಾರ್ಡು ಮತ್ತು ಚೈನ್ ಕವರ್ ಮೂರೂ ಇದ್ದವು.

ಹೋಗುವವರು ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಬೇಕು. ಆಮೇಲೆ ಒಡ್ಡಿನ ಮೇಲೆ ನೆರಳಿಲ್ಲದ ಬಿಸಿಲು, ಜೂನ್ ಬಂದರೆ ಮಳೆಯಿಂದ ಸೇವೆಯೇ ಬಂದ್. ಕಾಲಿಗೆ ಬಿಗಿಯಾದ ಬಟ್ಟೆ ತೊಡಬೇಕು, ಸಣ್ಣ ಪಂಪೊಂದನ್ನು ಮನೆಯಿಂದಲೇ ಒಯ್ಯಬೇಕು. ಎರಡನೆಯ ದಿನ ಹೆದ್ದಾರಿ ಬೇಡವೆನ್ನುವವರು ಮೊದಲ ದಿನದ ದಾರಿಯನ್ನಷ್ಟೇ ಕೇಳಿ ಪಡೆಯಬಹುದು, ಅದಕ್ಕೆ ಊಟ ಸೇರಿ 1,100 ರೂಪಾಯಿ. ನಾವು ಫೆಬ್ರವರಿಯ ಒಂದು ಷಷ್ಠಿಗೆ ಅದನ್ನೇ ಗೊತ್ತು ಮಾಡಿದ್ದೇವೆ. ಸಾಣಿಕಟ್ಟಾದಲ್ಲಿ ಅಷ್ಟು ಹೊತ್ತಿಗೆ ಉಪ್ಪು ಎಳೆಯುತ್ತಿರುತ್ತಾರಂತೆ, ಅಂಗಳದ ಮೂಲೆಯ ಆ ಸೈಕಲ್ಲನ್ನು ನನ್ನ ಹೆಂಡತಿಗೆ ಕೊಡುವುದಾಗಿ ಅವರು ಮಾತು ಕೊಟ್ಟಿದ್ದಾರೆ.